ಬೆಣ್ಣಿಯ ಸೂತಕ

“ಇನ್ನ ಈ ಹಾಲು ಯಾರು ಕುಡೀಬೇಕು?”

ವೆಂಕೂಬಾಯಿ ಈ ಪ್ರಶ್ನೆಯನ್ನು ಗಂಡನಿಗೆ ಕೇಳಲಿಲ್ಲ. ದೇವರಿಗೂ ಕೇಳಲಿಲ್ಲ, ದೇವರ ಮನೆ ಆಕೆಯ ಬೆನ್ನ ಹಿಂದೆ ಇತ್ತು. ಹಿತ್ತಲ ಬಾಗಿಲಲ್ಲಿ ಸ್ಟೀಲಿನ ಬಟ್ಟಲು ಹಿಡಿದು ನಿಂತು, ಒಗೆಯುವ ಕಲ್ಲಿನ ಮೇಲೆ ಬಿದ್ದ ಬಿಸಿಲನ್ನು ನೋಡುತ್ತ, ಯಾರಿಗೂ ಅಲ್ಲದ ಹಾಗೆ ಕೇಳಿದಳು. ಆದರೆ ಮಧುಸೂದನ ಅಲ್ಲೇ ನಿಂತಿದ್ದ. ಬಳ್ಳಾರಿಯ ಒಂದು ಕಾಲೇಜಿನ ಆಫೀಸಿನಲ್ಲಿ ಗುಮಾಸ್ತನಾಗಿ ಕೂದಲು ಬೆಳ್ಳಗೆ ಮಾಡಿಕೊಂಡ ಅವನಿಗೆ, ಪ್ರಶ್ನೆಯೆಂದ ಮೇಲೆ ಅದರ ವಿಲೇವಾರಿ ಆಗಲೇಬೇಕು. ಹೆಂಡತಿಯ ಕೈಯಿಂದ ಬಟ್ಟಲು ಇಸಿದುಕೊಂಡವನೇ ಗಟಗಟನೆ ಕುಡಿದುಬಿಟ್ಟ.

ವೆಂಕೂಬಾಯಿ ಅವನ ಬಿಳಿ ಮೀಸೆಯ ತುದಿಗೆ ನಿಂತ ಹಾಲಿನ ಹನಿಯನ್ನು ನೋಡಿದಳು. ನಿನ್ನೆಯಿಂದ ಕಟ್ಟಿಹಾಕಿದ್ದ ಅಳು ಆಗ ಒಮ್ಮೆಲೇ ಬಂತು. ಬೆಣ್ಣಿಯ ಮೀಸೆಗೂ ಹಾಲು ಹಾಗೆಯೇ ನಿಲ್ಲುತ್ತಿತ್ತು.

ಬೆಣ್ಣಿ ನಿನ್ನೆ ಸತ್ತ ಆ ಮನೆಯ ಬೆಕ್ಕು. ಮೈಯೆಲ್ಲ ಬೆಳ್ಳಗೆ, ಒಂದು ಕಿವಿ ಮಾತ್ರ ಕಪ್ಪು. ಸಿರುಗುಪ್ಪದ ಅಕ್ಕಿ ಗಿರಣಿಯೊಂದರ ಗೋಣಿಚೀಲಗಳ ಸಂದಿಯಲ್ಲಿ ಸಿಕ್ಕ ಮರಿಯನ್ನು ಊಟದ ಬುಟ್ಟಿಯಲ್ಲಿ ಬಚ್ಚಿಟ್ಟು ಬಸ್ಸಿನಲ್ಲಿ ತಂದವಳು ಶ್ರೀವಲ್ಲಿ. ಸಿರುಗುಪ್ಪದಲ್ಲಿ ಮೇಷ್ಟ್ರಾಗಿರುವ ಮಧುಸೂದನನ ಅಣ್ಣ ವಿಶ್ವಪ್ರಿಯನ ಒಬ್ಬಳೇ ಮಗಳು. ತಾಯಿಯಿಲ್ಲದ ಹುಡುಗಿ ಬಳ್ಳಾರಿಯಲ್ಲಿ ಓದುವಷ್ಟು ಕಾಲ ಕಾಕಾ ಕಾಕುವಿನ ಮನೆಯಲ್ಲೇ ಇದ್ದಳು. ಓದು ಮುಗಿಸಿ ಹೋಗುವಾಗ ಬೆಕ್ಕನ್ನು ಕಾಕುವಿನ ಮಡಿಲಿಗೆ ಬಿಟ್ಟುಹೋದಳು. ಮಕ್ಕಳಿಲ್ಲದ ಆ ಮನೆಯಲ್ಲಿ ಮಧುಸೂದನ ಬೆಳಿಗ್ಗೆ ಪಾರಾಯಣಕ್ಕೆ ಕುಳಿತರೆ ಕೇಳುವವರು ಇಬ್ಬರು: ಅಡಿಗೆಮನೆಯಿಂದ ವೆಂಕೂಬಾಯಿ, ಮಣೆಯ ಪಕ್ಕದಿಂದ ಬೆಣ್ಣಿ. ಮಂಗಳ ಹಾಡುವ ತನಕ ಅದು ಕಣ್ಣು ಅರೆಮುಚ್ಚಿ ಕೂತಿರುತ್ತಿತ್ತು. ಆಮೇಲೆಯೇ ಹಾಲು. ಏಕಾದಶಿಯ ದಿನ ಹಾಲಿನ ಬಟ್ಟಲನ್ನೂ ಮೂಸದೆ ಗೋಡೆ ಹಾರಿ ಹೋಗಿಬಿಡುತ್ತಿತ್ತು. ಉಪವಾಸದ ಮನೆಯಲ್ಲಿ ಒಗ್ಗರಣೆಯ ವಾಸನೆ ಸಹ ಬೇಡವೆಂದು ಏಕಾಂತಕ್ಕೆ ಹೋಗುತ್ತದೆ ಎಂದು ವೆಂಕೂಬಾಯಿ ನಂಬಿದ್ದಳು.

ಅಳು ಒಂದು ಹದಕ್ಕೆ ಬರುವಷ್ಟರಲ್ಲಿ ಫೋನು ಬಂತು. ಸಿರುಗುಪ್ಪದಿಂದ ವಿಶ್ವಪ್ರಿಯ.

“ಮಧ್ವಾ, ನಾಡಿದ್ದು ದೇವರ ಸಮಾರಾಧನಿ. ಅದು ಮುಗದ್ರ ಮದಿವಿ ಬಂದs ಬಿಡ್ತು. ಧಾರಿ ಎರಿಯೂವ್ರು ನೀವು, ಮೊದಲನೇ ಬಸ್ಸಿಗೇ ಬಂದುಬಿಡ್ರಿ.”

ವಿಶ್ವಪ್ರಿಯನಿಗೆ ಹೆಂಡತಿ ಇಲ್ಲ. ಹೆಂಡತಿ ಇಲ್ಲದವನು ಒಬ್ಬನೇ ಕೂತು ಧಾರೆ ಎರೆಯುವ ಪದ್ಧತಿ ಆ ಮನೆತನದಲ್ಲಿ ಇಲ್ಲ. ಆದ್ದರಿಂದ ಶ್ರೀವಲ್ಲಿಯ ಕೈಯನ್ನು ಗಂಡಿನ ಕೈಯಲ್ಲಿಟ್ಟು ನೀರು ಬಿಡುವ ಪುಣ್ಯ ತಮ್ಮನಿಗೂ ತಮ್ಮನ ಹೆಂಡತಿಗೂ ಎಂದು ನಿಶ್ಚಯದ ದಿನವೇ ತೀರ್ಮಾನವಾಗಿತ್ತು. ಅವತ್ತಿನಿಂದ ವೆಂಕೂಬಾಯಿ ಪಾತ್ರೆ ತೊಳೆಯುವಾಗ ಸಹ ನೀರನ್ನು ಸಣ್ಣ ಧಾರೆಯಾಗಿ ಬಿಟ್ಟು ನೋಡುತ್ತಿದ್ದಳು.

ಫೋನಿನೊಳಗಿಂದ ಇನ್ನೊಂದು ದನಿ ಕೇಳಿತು. “ಕಾಕಾ, ನಾ ಇಲ್ಲೇ ಇದ್ದೀನಿ, ಸ್ಪೀಕರ್ ಹಾಕೇವಿ. ಬೆಣ್ಣಿನ್ನ ಯಾರ ಹತ್ರ ಬಿಟ್ಟು ಬರ್ತೀರಿ? ಬುಟ್ಟ್ಯಾಗ ಹಾಕ್ಕೊಂಡು ಬಂದುಬಿಡ್ರಿ, ನಾ ಒಮ್ಮೆ ನೋಡ್ಬೇಕು.”

ವೆಂಕೂಬಾಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು, ಬೇಡ ಬೇಡ ಎಂದು ಕೈಯಾಡಿಸಿದಳು. ಹಸೆಮಣೆ ಏರುವ ಹುಡುಗಿ ಅಳಬಾರದು. ಈ ಕಡೆ ಸುಳ್ಳು ಹೇಳಿ ಮಧುಸೂದನನಿಗೆ ಅಭ್ಯಾಸವಿಲ್ಲ. ಬೆಕ್ಕು ಆರಾಮ ಇದೆ ಎನ್ನಲು ನಾಲಿಗೆ ಏಳಲಿಲ್ಲ. ಸತ್ತಿದೆ ಎನ್ನಲು ಹೆಂಡತಿಯ ಕೈ ಬಿಡಲಿಲ್ಲ. ಈ ಎರಡರ ನಡುವೆ ಒಂದು ಮಾತು ಸಿಕ್ಕಿತು. ಸಿಕ್ಕಿದ್ದೇ ಸಾಕೆಂದು ಆಡಿಬಿಟ್ಟ.

“ಸಮಾರಾಧನಿಗೆ ಬರ್ಲಿಕ್ಕಾಗೂದಿಲ್ಲಣ್ಣಾ. ನಮಗ ಸೂತಕ ಅದ.”

ಆ ಕಡೆ ಫೋನು ತಟ್ಟನೆ ಕಟ್ಟಾಯಿತು.

ಸೂತಕದ ಸ್ವಭಾವವನ್ನು ಇಲ್ಲಿ ಸ್ವಲ್ಪ ಹೇಳಬೇಕು. ಅದು ರಕ್ತದ ಗುಂಟ ಹರಿಯುತ್ತದೆ. ದಾಯಾದಿಗಳಲ್ಲಿ ಒಬ್ಬರು ತೀರಿಕೊಂಡರೆ ಬಳ್ಳಾರಿಯ ತಮ್ಮನಿಗೆ ಬಂದದ್ದು ಸಿರುಗುಪ್ಪದ ಅಣ್ಣನಿಗೂ ಕುರುಗೋಡಿನ ದೊಡ್ಡಪ್ಪನಿಗೂ ಬರಲೇಬೇಕು. ಬಂದರೆ ಹತ್ತು ದಿನ ಮದುವೆಯಿಲ್ಲ, ಮುಂಜಿಯಿಲ್ಲ. ಆದರೆ ಅದು ಬರುವುದು ಕಿವಿಯ ದಾರಿಯಿಂದ. ಸತ್ತ ಸುದ್ದಿ ಮುಟ್ಟುವ ತನಕ ಸೂತಕವೂ ಮುಟ್ಟುವುದಿಲ್ಲ. ಅವರ ದಾಯಾದಿ ಬಳಗ ಗುಂತಕಲ್ಲಿನಿಂದ ಗದಗಿನವರೆಗೆ ಹಬ್ಬಿಕೊಂಡಿತ್ತು. ಯಾವ ಊರಿನ ಯಾವ ಹಿರಿಯರ ಸುದ್ದಿ ಬಳ್ಳಾರಿಗೆ ಮೊದಲು ಬಂದಿದೆಯೋ ಯಾರಿಗೆ ಗೊತ್ತು. ವಿಶ್ವಪ್ರಿಯ ಫೋನು ಕತ್ತರಿಸಿದ್ದು ಕೋಪದಿಂದಲ್ಲ, ಹೆದರಿಕೆಯಿಂದ. ಕೂಡಲೇ ಕುರುಗೋಡಿಗೆ ಫೋನು ಮಾಡಿದ.

ಕುರುಗೋಡಿನ ರಂಗಣ್ಣ ದೊಡ್ಡಪ್ಪ ಮನೆತನಕ್ಕೆ ಉಳಿದ ಒಬ್ಬರೇ ಹಿರಿಯರು. ಯಾರ ತಿಥಿ ಯಾವತ್ತು, ಯಾರಿಗೆ ಯಾರು ಏನಾಗಬೇಕು ಎಂಬುದೆಲ್ಲ ಅವರ ಬಾಯಲ್ಲೇ ಇತ್ತು. ಅವರು ವಿಚಾರಣೆ ನಡೆಸಿದ ಬಗೆ ಮಧುಸೂದನನಿಗೆ ಆಮೇಲೆ ಅಣ್ಣನಿಂದಲೇ ತಿಳಿಯಿತು.

“ಯಾರು ಹೋದ್ರಂತ ಹೇಳಿದನೇನು?”

“ಇಲ್ಲ ದೊಡ್ಡಪ್ಪಾ.”

“ನೀ ಕೇಳಿದಿ ಏನು?”

“ಫೋನ್ ಇಟ್ಟುಬಿಟ್ಟೆ.”

“ಭೇಷ್. ನಿನ್ನ ತಲ್ಯಾಗ ಬುದ್ಧಿ ಅದ. ಸೂತಕ ಅಂತ ಕೇಳಿದ್ರ ಅದು ಅವನ ಸೂತಕ. ಸತ್ತವರ ಹೆಸರು ಕೇಳಿದ್ರ ಅದು ನಮ್ಮ ಸೂತಕ. ಮದಿವಿ ಆಗೂತನಕ ಅವನ ಫೋನ್ ಎತ್ತಬ್ಯಾಡ. ಮುಖ ನೋಡಬ್ಯಾಡ. ಹುಡುಗಿ ಫೋನೂ ಇಸಕೊಂಡಿಡು.”

“ಮತ್ತ ಧಾರಿ?”

“ಅದಕ್ಕೇನ್ ಚಿಂತಿ. ನಾನೂ ನಿಮ್ಮ ದೊಡ್ಡಮ್ಮನೂ ಇನ್ನೂ ಗಟ್ಟಿ ಅದೀವಲ್ಲ.”

ಆ ಸಂಜೆಯೇ ದೊಡ್ಡಪ್ಪ ಪೆಟ್ಟಿಗೆಯ ತಳದಿಂದ ಧಾರೆಗೆ ಉಡುವ ರೇಷ್ಮೆ ಮಗುಟ ತೆಗೆದು, ನುಸಿಗುಳಿಗೆಯ ವಾಸನೆ ಹೋಗಲೆಂದು ಹಗ್ಗದ ಮೇಲೆ ಹಾಕಿದರು. ಬಳಗದ ಮನೆಮನೆಗೂ ತಾವೇ ಫೋನು ಮಾಡಿ ಕಿವಿ ಕಾಪಾಡಿಕೊಳ್ಳುವಂತೆ ಎಚ್ಚರಿಕೆ ಕೊಟ್ಟರು. ಕುಟುಂಬದ ವಾಟ್ಸಾಪ್ ಗುಂಪಿಗೆ ಅಡ್ಮಿನ್ ಅವರೇ. ಇನ್ನು ಮುಂದೆ ಅಡ್ಮಿನ್ ಹೊರತು ಯಾರೂ ಏನೂ ಬರೆಯದಂತೆ ಮೊಮ್ಮಗಳಿಂದ ಮಾಡಿಸಿದರು.

ಮಧುಸೂದನ ಅತ್ತ ಸುಮ್ಮನಿರಲಿಲ್ಲ. ಒಮ್ಮೆ ಸೂತಕ ಎಂದ ಮೇಲೆ ಆ ಮಾತು ಸುಳ್ಳಾಗಬಾರದೆಂದು ಹಣೆಗೆ ಅಂಗಾರ ಅಕ್ಷತೆ ಹಚ್ಚುವುದನ್ನು ಬಿಟ್ಟ. ಬೋಳು ಹಣೆಯಲ್ಲಿ ಆಫೀಸಿಗೆ ಹೋದರೆ ಎಲ್ಲರೂ ಸುತ್ತ ಸೇರಿ ನಿಟ್ಟುಸಿರು ಬಿಟ್ಟರು. ಪ್ರಿನ್ಸಿಪಾಲರು ಕೇಳದೆಯೇ ರಜೆ ಕೊಟ್ಟರು. ಬೆಕ್ಕು ಎನ್ನಬೇಕೆಂದು ಬಾಯಿ ತೆರೆದ. ಅಷ್ಟರಲ್ಲಿ ಅಟೆಂಡರ್ ಹೊನ್ನೂರಮ್ಮ ಅವನ ಕೈ ಹಿಡಿದು, “ಮಾತಾಡಬ್ಯಾಡ್ರಿ ಸಾರ್, ದುಕ್ಕ ಹೆಚ್ಚಾಕೈತಿ,” ಎಂದು ಕಣ್ಣೊರೆಸಿಕೊಂಡಳು. ಅಳುವವಳ ಮುಂದೆ ಬೆಕ್ಕು ಎನ್ನುವುದು ಅವನಿಗೆ ಸರಿಕಾಣಲಿಲ್ಲ.

ಅಣ್ಣ ಫೋನು ಎತ್ತಲಿಲ್ಲ. ಗುಂಪಿನಲ್ಲಿ ಬರೆಯಲು ಹೋದರೆ ಅಕ್ಷರ ಮೂಡಲಿಲ್ಲ. ದೊಡ್ಡಪ್ಪ ಮಾತ್ರ, ಯಾರದೋ ನಂಬರೆಂದು ತಿಳಿದು, ಎತ್ತಿದರು.

ಮಧುಸೂದನನ ಮಾತಿಗೆ ಒಂದು ರಚನೆ ಇತ್ತು. ಚಿಕ್ಕಂದಿನಿಂದ ಅಜ್ಜ ಪದ್ಯ ಓದುವುದನ್ನು ಕೇಳಿ ಬೆಳೆದವನು. ಪದ್ಯದಲ್ಲಿ ಮೊದಲು ಸಂಬೋಧನೆ, ಆಮೇಲೆ ವಿಶೇಷಣಗಳು, ಅವುಗಳ ಮೇಲೆ ಇನ್ನಷ್ಟು ವಿಶೇಷಣಗಳು, ಎಲ್ಲಕ್ಕೂ ಕೊನೆಗೆ ಅಸಲು ಸಂಗತಿ. ಅವನ ಮಾತೂ ಹಾಗೆಯೇ ಹೋಗುತ್ತಿತ್ತು. ಆದರೆ ಪದ್ಯವನ್ನು ಕೊನೆಯ ತನಕ ಕೇಳುವವರಿದ್ದಾರೆ. ಗುಮಾಸ್ತನ ಮಾತನ್ನು ಯಾರು ಕೇಳುತ್ತಾರೆ.

“ದೊಡ್ಡಪ್ಪಾ, ನಾ ಮಧುಸೂದನ. ನಿಮ್ಮ ಆಶೀರ್ವಾದದಿಂದ ನಾವಿಬ್ರೂ ಆರಾಮ. ಮೊನ್ನೆ ಹೋದದ್ದು ಯಾರಪಾ ಅಂದ್ರ, ದಿನಾ ಮುಂಜಾನಿ ಪಾರಾಯಣ ಮುಗಿಯೂತನಕ ಹಾಲು ಸುದ್ದಾ ಮುಟ್ಟದಂಥ...”

“ಸಾಕು.”

“ಏಕಾದಶಿ ಬಂತಂದ್ರ ಏಕಾಂತಕ್ಕ ಹೋಗೂವಂಥ, ನೆಲದ ಮ್ಯಾಲ ಮಲಗೂವಂಥ, ಯಾರ ಮ್ಯಾಲೂ ಒಂದು ದಿನ ಸಿಟ್ಟು ಮಾಡದಂಥ...”

“ಮಧ್ವಾ, ಹೆಸರು ತೆಗದಿ ಅಂದ್ರ ನಿನಗ ನನ್ನ ಆಣಿ.”

ಫೋನು ಹೋಯಿತು.

ಹೆಸರು ಹೋಗಿ ಗುಣಗಳು ಮಾತ್ರ ಕುರುಗೋಡಿನಲ್ಲಿ ಉಳಿದವು. ಮರುದಿನ ಗಂಡಿನ ತಂದೆ ಪ್ರಾಣೇಶರಾಯರು ಬಳ್ಳಾರಿಯ ಸತ್ಯನಾರಾಯಣಪೇಟೆಯಿಂದ ಫೋನು ಮಾಡಿ, ಧಾರೆಗೆ ಕಾಕಾ ಕಾಕು ಯಾಕಿಲ್ಲ ಎಂದು ವಿಚಾರಿಸಿದರು. ಬೀಗರ ಮುಂದೆ ಬರಿಗೈಯಲ್ಲಿ ನಿಲ್ಲಬಾರದೆಂದು ದೊಡ್ಡಪ್ಪ ಆ ಗುಣಗಳನ್ನೇ ಎತ್ತಿಕೊಟ್ಟರು. ಯಾರೋ ಮಹಾನುಭಾವರು, ಪಾರಾಯಣ ಕೇಳದೆ ಹಾಲು ಮುಟ್ಟಿದವರಲ್ಲ, ಏಕಾದಶಿಗೆ ಏಕಾಂತ, ನೆಲದ ಮೇಲೆ ನಿದ್ದೆ. ಹೆಸರು ಮಾತ್ರ ಕೇಳಬ್ಯಾಡ್ರಿ. ಪ್ರಾಣೇಶರಾಯರು, “ಇಂಥವರು ಇನ್ನೂ ಇದ್ರೇನ್ರಿ,” ಎಂದಷ್ಟೇ ಕೇಳಿ ಫೋನಿಟ್ಟರು.

ಮಧುಸೂದನ ಸಿರುಗುಪ್ಪದ ಬಸ್ಸು ಹತ್ತಿದ. ಮುಖ್ಯ ಶಬ್ದವನ್ನು ಈ ಸಲ ಮೊದಲೇ ಹೇಳಬೇಕೆಂದು ತೆಕ್ಕಲಕೋಟೆ ಬರುವ ತನಕ ಬಾಯಲ್ಲೇ ಅಭ್ಯಾಸ ಮಾಡಿದ. “ಬೆಕ್ಕು ಸತ್ತದ ಅಣ್ಣಾ. ಬೆಕ್ಕು ಸತ್ತದ ಅಣ್ಣಾ.” ಪಕ್ಕದ ಸೀಟಿನ ಮುದುಕ ಬಹಳ ಹೊತ್ತು ತಡೆದುಕೊಂಡು, ಕೊನೆಗೆ, “ಇನ್ನೊಂದ್ ಬೆಕ್ಕು ಸಾಕು ತಮ್ಮಾ, ಹಿಂಗ ತಲಿ ಕೆಡಿಸ್ಕೋಬ್ಯಾಡ,” ಎಂದು ಎದ್ದು ಹಿಂದಿನ ಸೀಟಿಗೆ ಹೋದ.

ಅಣ್ಣನ ಮನೆಯ ಮುಂದೆ ಪೆಂಡಾಲಿನ ಸುಂಕಣ್ಣ ಕಂಬ ಹೂಳಿಸುತ್ತಿದ್ದ. ಮಧುಸೂದನ ಓಣಿಯ ತಿರುವಿನಲ್ಲಿ ಕಂಡಿದ್ದೇ ತಡ, ವಿಶ್ವಪ್ರಿಯ ಎರಡೂ ಕಿವಿಗೆ ಬೆರಳಿಟ್ಟುಕೊಂಡು ಕಟ್ಟೆಯ ಮೇಲೆ ಹತ್ತಿ ನಿಂತ.

“ಅಲ್ಲೇ ನಿಂದ್ರು ಮಧ್ವಾ. ಸುಂಕಣ್ಣ, ಮೈಕ್ ಹಚ್ಚು.”

“ಬೆಕ್ಕು...” ಎಂದ ಮಧುಸೂದನ. ಉಳಿದದ್ದು ಲೌಡ್‌ಸ್ಪೀಕರಿನ ನಾದಸ್ವರದಲ್ಲಿ ಮುಳುಗಿಹೋಯಿತು.

ಸುಂಕಣ್ಣನಿಗೆ ಮನುಷ್ಯನ ಕಷ್ಟ ಕಂಡರೆ ತಡೆಯದು. ಹತ್ತಿರ ಬಂದು ಕಿವಿಗೊಟ್ಟ. ಮಧುಸೂದನ ಆ ಕಿವಿಯಲ್ಲಿ ಮುಖ್ಯ ಶಬ್ದವನ್ನು ಮೊದಲು ಹೇಳಿದ. ಸುಂಕಣ್ಣ ಕಂಬವನ್ನು ಹಿಡಿದುಕೊಂಡು ನಕ್ಕ. ನಗುತ್ತಲೇ ಮೇಷ್ಟ್ರ ಬಳಿ ಹೋಗಿ ಮೈಕು ನಿಲ್ಲಿಸಿದ.

“ಮಾಸ್ತರ, ಹೇಳ್ತೀನಿ ಕೇಳ್ರಿ. ಅದು ಏನಿಲ್ರಿ...”

“ನೀನೂ ಹೇಳಬ್ಯಾಡ. ಯಾರ ಬಾಯಿಂದ ಕೇಳಿದ್ರೂ ಕೇಳಿದ್ಹಂಗs.”

“ನಗೂವಂಥಾದ್ದು ಐತ್ರಿ.”

“ಸಾವಿನ್ಯಾಗ ನಗೂವಂಥಾದ್ದೇನಲೇ ಇರ್ತದ? ನನ್ನ ಮಗಳ ಮದಿವಿ ಮುಗೀತನಕ ನಿನ್ನ ತುಟಿ ಪಿಟ್ ಅನಬಾರದು.”

“ಆತ್ ಬಿಡ್ರಿ,” ಎಂದು ಸುಂಕಣ್ಣ ತಿರುಗಿ ಬಂದ. “ಮಾತ್ ಕೊಟ್ಟೀನ್ರಿ ಸಾಮಿ. ಈಗ ನಾನೂ ಹೇಳಂಗಿಲ್ಲ.”

ಮಾಳಿಗೆಯ ಕಿಟಕಿಯಲ್ಲಿ ಶ್ರೀವಲ್ಲಿ ಕಾಣಿಸಿದಳು. ಕೈತುಂಬ ಹಸಿ ಮೆಹಂದಿ. ಕಾಕಾನನ್ನು ಕಂಡು ಎರಡು ಬೆರಳನ್ನು ತಲೆಯ ಮೇಲೆ ಕಿವಿಯ ಹಾಗೆ ನಿಲ್ಲಿಸಿ, ಹೇಗಿದೆ ಎಂದು ಸನ್ನೆ ಮಾಡಿ ಕೇಳಿದಳು. ಮಧುಸೂದನ ತಲೆಯಾಡಿಸಿದ. ಯಾರು ಏನು ಕೇಳಿದರೂ ಅವನ ತಲೆ ಮೊದಲು ಆಡುವುದು ಹಾಗೆಯೇ. ಹುಡುಗಿ ನಕ್ಕು ಒಳಗೆ ಹೋದಳು.

ವಿಶ್ವಪ್ರಿಯ ಕಟ್ಟೆಯಿಂದ ಇಳಿದು, ದೂರದಲ್ಲಿ ಒಂದು ಕೈಚೀಲ ಇಟ್ಟು, ಮತ್ತೆ ಕಿವಿಗೆ ಬೆರಳಿಟ್ಟುಕೊಂಡು ಹಿಂದೆ ಸರಿದ. “ಧಾರಿಗಂತ ವೆಂಕೂಗ ತಂದಿದ್ದ ಸೀರಿ,” ಎಂದ. “ಸೂತಕ ಕಳಕೊಂಡು ಉಟ್ಕೊಳ್ಳಲಿ. ನನ್ನ ಮ್ಯಾಲೆ ಸಿಟ್ಟಾಗಬ್ಯಾಡ್ರಪಾ.” ಕಿವಿಯಿಂದ ಬೆರಳು ತೆಗೆಯದೆ ಹೇಳಿದ್ದರಿಂದ ಕಣ್ಣೊರೆಸಿಕೊಳ್ಳಲು ಅವನಿಗೆ ಕೈ ಉಳಿದಿರಲಿಲ್ಲ.

ಸೀರೆಯನ್ನು ನೋಡಿ ವೆಂಕೂಬಾಯಿ ಈ ಸಲ ಅಳಲಿಲ್ಲ. ಮಡಿಕೆ ಬಿಚ್ಚದೆ ಪೆಟ್ಟಿಗೆಯಲ್ಲಿ ಇಟ್ಟಳು.

“ಧಾರಿ ಅಂತೂ ಹೋತು,” ಎಂದಳು. “ಬೆಣ್ಣಿಗರೆ ಒಂದು ಎಲಿ ಹಾಕೋಣು. ಮಂತ್ರ ಬ್ಯಾಡ, ಪಿಂಡ ಬ್ಯಾಡ. ಅದು ಕೇಳತಿದ್ದ ಪಾರಾಯಣ ಮಾಡ್ರಿ. ನಾಕು ಮಂದಿಗೆ ಊಟ ಹಾಕೋಣು.”

ಮದುವೆಯ ಹಿಂದಿನ ದಿನವೇ ಈ ಊಟ ಎಂದು ನಿಶ್ಚಯವಾಯಿತು. ಮದುವೆಯ ದಿನ ಸುಮ್ಮನೆ ಕೂರುವುದಕ್ಕಿಂತ, ಹಿಂದಿನ ದಿನ ದಣಿದು ಮದುವೆಯ ದಿನ ಮಲಗಿಬಿಡುವುದು ಮೇಲು ಎಂದು ಆಕೆಯ ಲೆಕ್ಕ.

ಮಧುಸೂದನ ಬ್ರೂಸ್‌ಪೇಟೆಗೆ ಹೋಗಿ, ಫೋಟೋಕ್ಕೆ ಕಟ್ಟು ಹಾಕುವ ಎರ್ರೆಪ್ಪನ ಅಂಗಡಿಯಲ್ಲಿ ಲಕೋಟೆ ಕೊಟ್ಟ. ಎರ್ರೆಪ್ಪ ಫೋಟೋ ತೆಗೆದು ನೋಡಿ ಲಕೋಟೆಯನ್ನು ಮತ್ತೆ ಜಾಡಿಸಿದ.

“ಸಾರ್, ಇದು ಪಿಲ್ಲಿದು, ಬೆಕ್ಕಿಂದು. ಹಿರೇರದು ಮನ್ಯಾಗ ಮರೆತು ಬಂದೀರಿ.”

“ಇದs ಹಿರೇದು,” ಎಂದ ಮಧುಸೂದನ.

ಎರ್ರೆಪ್ಪ ಅವನ ಬೋಳು ಹಣೆಯನ್ನು ನೋಡಿದ, ಫೋಟೋದ ಕಪ್ಪು ಕಿವಿಯನ್ನು ನೋಡಿದ. ಗಂಧದ ಹಾರಗಳಲ್ಲಿ ದೊಡ್ಡದು ಬೇಡವೆಂದು ತಾನೇ ತೀರ್ಮಾನಿಸಿ, ಚಿಕ್ಕದೊಂದನ್ನು ಕತ್ತಿನ ಅಳತೆಗೆ ಕತ್ತರಿಸಿ ಕಟ್ಟಿಕೊಟ್ಟ.

ಆ ದಿನ ಅಂಗಳದ ಪಾರಿಜಾತದ ಕೆಳಗೆ ಮಣೆ ಹಾಕಿ ಬೆಣ್ಣಿಯ ಫೋಟೋ ಇಟ್ಟರು. ಮುಂದೆ ಒಂದು ಬಾಳೆಲೆ. ಅದರ ತುದಿಗೆ ಮೊಸರನ್ನ, ನಡುವೆ ಕಡಲೆಬೇಳೆ ಬೆಲ್ಲದ ಹಯಗ್ರೀವ, ಪಕ್ಕದಲ್ಲಿ ಹಾಲಿನ ಬಟ್ಟಲು. ಮಧುಸೂದನ ಪಾರಾಯಣಕ್ಕೆ ಕೂತ. ಅರ್ಧಕ್ಕೆ ಬಂದಾಗ ಗೇಟಿನ ಬಳಿ ಪಕ್ಕದ ಮನೆಯ ಉಚ್ಚೆಂಗೆಮ್ಮ ನಿಂತಿದ್ದಳು. ಸರಕಾರಿ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದು ನಿವೃತ್ತಳಾದವಳು. ಆಕೆಯ ಮನೆಯ ಪಡಸಾಲೆಯಲ್ಲಿ ಬುದ್ಧನ ಪಟದ ಮುಂದೆ ದಿನವೂ ಒಂದು ಮೇಣದಬತ್ತಿ ಉರಿಯುತ್ತಿತ್ತು. ಕೈಯಲ್ಲಿ ತಟ್ಟೆ, ತಟ್ಟೆಯ ಮೇಲೆ ಕರವಸ್ತ್ರ.

“ಒಳಗ ಬಾರಮ್ಮಾ,” ಎಂದಳು ವೆಂಕೂಬಾಯಿ.

“ಬರ್ತೀನ್ರಿ. ಇದನ್ನ ಒಳಗ ತರಬೇಕೋ ಬ್ಯಾಡೋ ಅಂತ ನಿಂತೀನಿ.”

“ಏನದು?”

ಉಚ್ಚೆಂಗೆಮ್ಮ ಕರವಸ್ತ್ರ ಸರಿಸಿದಳು. ಸುಲಿದಿಟ್ಟ ಬೇಯಿಸಿದ ಮೊಟ್ಟೆ.

“ಅದಕ್ಕ ಭಾಳ ಸೇರತಿತ್ರಿ. ಹದಿನೈದು ದಿನಕ್ಕೊಮ್ಮಿ ತಪ್ಪದ ಬರತಿತ್ತು. ನೀವು ಉಪಾಸ ಮಾಡೋ ದಿನ ಅಂತ ಆಮ್ಯಾಲೆ ತಿಳೀತು. ಹೊಟ್ಟಿ ಹಸದು ಬಂದೈತಿ, ಹ್ಯಾಂಗ ಕಳಸಲಿ? ಒಂದ್ ಮೊಟ್ಟಿ ತಿಂದು ನನ್ನ ತೊಡಿ ಮ್ಯಾಲ ಮಕ್ಕೊಂಡು ಎದ್ದು ಹೋಗತಿತ್ತು. ನಾನೂ ಒಬ್ಬಾಕಿನs ಇರ್ತೀನಲ್ರಿ.”

ಮಧುಸೂದನನ ಪಾರಾಯಣ ಒಂದು ಸಾಲು ಎಡವಿತು. ಎಷ್ಟೋ ಏಕಾದಶಿಗಳ ಪುಣ್ಯ ಆ ತಟ್ಟೆಯಲ್ಲಿ ಬೆಳ್ಳಗೆ ಹೊಳೆಯುತ್ತಿತ್ತು. ವೆಂಕೂಬಾಯಿ ಅದನ್ನು ನೋಡಿದಳು, ಫೋಟೋದ ಅರೆಮುಚ್ಚಿದ ಕಣ್ಣುಗಳನ್ನು ನೋಡಿದಳು. ಜನ್ಮದಲ್ಲಿ ಮೊಟ್ಟೆಯ ಹತ್ತಿರ ಕೈ ಒಯ್ದವಳಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ ಎಲೆಯ ಬಲಭಾಗದಲ್ಲಿ ಸ್ವಲ್ಪ ಜಾಗ ಮಾಡಿದಳು.

“ಇಲ್ಲಿಡಮ್ಮಾ. ಅದರದು ಅದಕ್ಕ. ನೀನೂ ಇಲ್ಲೇ ಕೂಡು.”

ಉಚ್ಚೆಂಗೆಮ್ಮ ಮೊಟ್ಟೆ ಇಟ್ಟು, ಕೈಮುಗಿದು, ತನ್ನ ಪ್ರಾರ್ಥನೆಯನ್ನು ತುಟಿಯಲ್ಲೇ ಹೇಳಿ ಕೂತಳು. ಪಾರಾಯಣ ಮುಂದುವರಿಯಿತು. ಮಂಗಳಕ್ಕೆ ಬರುವಷ್ಟರಲ್ಲಿ ಹೊರಗೆ ಕಾರು ನಿಂತ ಸದ್ದಾಯಿತು.

ಇಳಿದವರು ಪ್ರಾಣೇಶರಾಯರು. ಆ ಮಹಾನುಭಾವರ ಸ್ಮರಣೆಯ ಊಟ ಇಂದು ಎಂದು ಅವರಿಗೆ ಕಾಲೇಜಿನವರಿಂದ ಗೊತ್ತಾಗಿತ್ತು. ತಾವು ದಾಯಾದಿಯಲ್ಲ, ತಮಗೆ ಸೂತಕದ ಭಯವಿಲ್ಲ, ಮಗನ ಮದುವೆಗೆ ಮುಂಚೆ ಅಂಥವರ ಫೋಟೋಕ್ಕಾದರೂ ನಮಸ್ಕಾರ ಮಾಡಿ ಬರುತ್ತೇನೆ ಎಂದು ಹೊರಟಿದ್ದರು. ಅವರನ್ನು ತಡೆಯಲೆಂದೇ ಕುರುಗೋಡಿನಿಂದ ಬೆಳಿಗ್ಗೆ ಬಂದ ರಂಗಣ್ಣ ದೊಡ್ಡಪ್ಪ ತಡೆಯಲಾಗದೆ ಜೊತೆಗೇ ಬಂದಿದ್ದರು. ಅವರ ಎರಡೂ ಕಿವಿಯಲ್ಲಿ ಅರಳೆ. ತಲೆಯ ಮೇಲಿಂದ ಟವೆಲು ಮೂಗಿನ ತನಕ ಇಳಿದಿತ್ತು.

ಪ್ರಾಣೇಶರಾಯರು ಗೇಟಿನಲ್ಲೇ ಚಪ್ಪಲಿ ಬಿಟ್ಟರು. ಶರ್ಟು ತೆಗೆದು ಹೆಗಲಿಗೆ ಹಾಕಿಕೊಂಡರು. ಕನ್ನಡಕ ತೆಗೆದು ಶರ್ಟಿನ ಜೇಬಿಗೆ ಹಾಕಿದರು. ಹಾರದ ಗುರುತು ಹಿಡಿದು ನಾಲ್ಕು ಹೆಜ್ಜೆ ಬಂದವರೇ ಪಾರಿಜಾತದ ಕೆಳಗೆ ಉದ್ದಕ್ಕೆ ಮಲಗಿ ದೀರ್ಘದಂಡ ನಮಸ್ಕಾರ ಹಾಕಿದರು.

“ರಾಯರ,” ಎಂದ ಮಧುಸೂದನ ಎದ್ದು ನಿಂತು, “ತಾವು ದೊಡ್ಡವರು, ನಮ್ಮ ಬಡವರ ಅಂಗಳಕ್ಕ ಇಷ್ಟು ದೂರ ಬಂದು, ಈ ಬಿಸಿಲಾಗ...”

ಮುಖ್ಯ ಶಬ್ದ ಬರುವಷ್ಟರಲ್ಲಿ ರಾಯರು ಎದ್ದು ಕೂತು ಕನ್ನಡಕ ಹಾಕಿಕೊಂಡಿದ್ದರು.

ಒಂದು ಪಾರಿಜಾತ ಮೊಟ್ಟೆಯ ಮೇಲೆ ಬಿದ್ದು ಜಾರಿ ಹಯಗ್ರೀವಕ್ಕೆ ಹೋಯಿತು.

“ಇವರು...” ಎಂದರು ಪ್ರಾಣೇಶರಾಯರು.

“ಬೆಣ್ಣಿ,” ಎಂದಳು ವೆಂಕೂಬಾಯಿ.

“ಬೆಕ್ಕು ರೀ,” ಎಂದು ಉಚ್ಚೆಂಗೆಮ್ಮ ಇನ್ನೂ ಬಿಡಿಸಿ ಹೇಳಿದಳು.

ಟವೆಲಿನ ಒಳಗಿಂದ ದೊಡ್ಡಪ್ಪ ಕೈ ಮುಂದೆ ಚಾಚಿ ಕೂಗಿದರು. “ಹೇಳಬ್ಯಾಡ್ರಿ. ಯಾರೂ ಹೆಸರು ಹೇಳಬ್ಯಾಡ್ರಿ.”

ಪ್ರಾಣೇಶರಾಯರು ಎದ್ದು ಹೋಗಿ ಅವರ ಒಂದು ಕಿವಿಯ ಅರಳೆ ಎಳೆದು, ಬಾಯಿ ಹತ್ತಿರ ಒಯ್ದು, “ಬೆಕ್ಕಂತ್ರಿ,” ಎಂದರು.

ದೊಡ್ಡಪ್ಪ ಟವೆಲು ಸರಿಸಿ ಫೋಟೋ ನೋಡಿದರು. ಮೊದಲು ಸಮಾಧಾನ, ಆಮೇಲೆ ಸಿಟ್ಟು, ಅದರ ಹಿಂದೆ ಹಗ್ಗದ ಮೇಲಿನ ಮಗುಟದ ನೆನಪು ಅವರ ಮುಖದಲ್ಲಿ ಒಂದೊಂದಾಗಿ ಹಾದುಹೋದವು. “ಬೆಕ್ಕಿಗೆ ಎಲ್ಯಾದರೂ ಸೂತಕ ಇರ್ತದೇನಲೇ ಮಧ್ವಾ?”

“ಇಲ್ಲ ದೊಡ್ಡಪ್ಪಾ. ಅದನ್ನs ಹೇಳ್ಲಿಕ್ಕೆ ಫೋನ್ ಮಾಡಿದ್ದೆ.”

ಪ್ರಾಣೇಶರಾಯರು ಮತ್ತೆ ಫೋಟೋದ ಮುಂದೆ ಕೂತರು. ಮದುವೆಯೇ ಮುರಿದುಹೋಯಿತೆಂದುಕೊಂಡ ಮಧುಸೂದನ.

“ಪಾರಾಯಣ ಕೇಳತಿತ್ತಂತ ಹೇಳಿದ್ರಲ್ಲ,” ಎಂದರು ರಾಯರು, “ಅದೂ ಸುಳ್ಳೇನು?”

“ಖರೇ ಅದರೀ,” ಎಂದಳು ವೆಂಕೂಬಾಯಿ. “ಮಂಗಳ ಆಗೂತನಕ ಏಳತಿದ್ದಿಲ್ಲ.”

“ಏಕಾದಶಿ?”

ಎಲ್ಲರೂ ಮೊಟ್ಟೆಯನ್ನು ನೋಡಿದರು. ರಾಯರೂ ನೋಡಿದರು.

“ಇರಲಿ ಬಿಡ್ರಿ,” ಎಂದರು ಕೊನೆಗೆ. “ನಾ ದಿನಾ ಓದ್ತೀನಿ. ನಮ್ಮ ಮನ್ಯಾಗ ಮಂಗಳದ ತನಕ ಕೂಡೂವ್ರು ಯಾರೂ ಇಲ್ಲ. ನನ್ನ ಮಗ ನಾಂದಿಗೇ ಎದ್ದು ಹೋಗ್ತಾನ. ಮುಗಿಯೂತನಕ ಕೂಡತಿತ್ತಂದ್ರ ಸಣ್ಣ ಮಾತಲ್ಲ. ಎಲಿ ಹಾಕ್ರಿ, ಊಟ ಮಾಡ್ತೀನಿ. ಸೂತಕ ಇಲ್ಲಂದ ಮ್ಯಾಲೆ ನಾಳೆ ಧಾರಿ ನೀವs ಎರೀಬೇಕು.”

ಅವರೇ ಸಿರುಗುಪ್ಪಕ್ಕೆ ಫೋನು ಮಾಡಿದರು. ವಿಶ್ವಪ್ರಿಯ ಬೀಗರ ಬಾಯಿಂದ ಸುದ್ದಿ ಕೇಳಿ ಬಹಳ ಹೊತ್ತು ನಕ್ಕ, ನಗುವಿನ ನಡುವೆ ತಮ್ಮನನ್ನು ಬೈದ. ಅಷ್ಟರಲ್ಲಿ ಶ್ರೀವಲ್ಲಿ ಫೋನು ಕಸಿದುಕೊಂಡಳು. ಮುಚ್ಚಿಡಲು ಇನ್ನೇನೂ ಉಳಿದಿರಲಿಲ್ಲ. ಆ ಕಡೆ ಮೆಹಂದಿ ಕೈಯ ಹುಡುಗಿ, ಈ ಕಡೆ ಹಯಗ್ರೀವದ ಕೈಯ ವೆಂಕೂಬಾಯಿ, ಇಬ್ಬರೂ ಅತ್ತರು.

“ಕಾಕು, ಒಬ್ಬಾಕಿನs ಅತ್ತೇನು ಇಷ್ಟು ದಿನಾ?” ಎಂದಳು ಶ್ರೀವಲ್ಲಿ. “ನಾಳೆ ನಾನೂ ಅಳ್ತೀನಿ. ತವರುಮನಿ ಬಿಡೂ ಸಂಕಟ ಅಂತ ಮಂದಿ ತಿಳ್ಕೋತಾರ. ಲಗೂನ ಬರ್ರಿ ಇಬ್ರೂ.”

ಎಲೆ ಹಾಕಿದರು. ಪ್ರಾಣೇಶರಾಯರು ಎರಡು ಸಲ ಹಯಗ್ರೀವ ಹಾಕಿಸಿಕೊಂಡರು. ಉಚ್ಚೆಂಗೆಮ್ಮ ಹಾಗೆಯೇ ಅವರ ಎದುರು ಸಾಲಿನಲ್ಲಿ ಕೂತು, ಬೆಣ್ಣಿ ಮೊಟ್ಟೆಯಲ್ಲಿ ಬಿಳಿಯದು ಬಿಟ್ಟು ಹಳದಿ ಮಾತ್ರ ತಿನ್ನುತ್ತಿದ್ದ ಬಗೆಯನ್ನು ವಿವರಿಸಿದಳು. ರಾಯರು ಅದನ್ನೂ ಗಂಭೀರವಾಗಿ ಕೇಳಿದರು. ದೊಡ್ಡಪ್ಪ ಮಾತ್ರ ತುತ್ತು ಕಲಸುತ್ತ ಕೂತಿದ್ದರು, ಬಾಯಿಗೆ ಹೋಗುತ್ತಿರಲಿಲ್ಲ. ರಾಯರು ಕೈತೊಳೆಯಲು ಎದ್ದ ಹೊತ್ತು ನೋಡಿ, ಬಡಿಸಲು ಬಂದ ವೆಂಕೂಬಾಯಿಯನ್ನು ದನಿ ತಗ್ಗಿಸಿ ಕರೆದರು.

“ವೆಂಕವ್ವಾ, ಧಾರಿ ನಿಮ್ಮದs ಆತು. ಇದೊಂದು ಮಾತು ನಡಸಿಕೊಡು. ಬಳಗದಾಗ ಮನಿಮನಿಗೂ ನಾನs ಫೋನ್ ಮಾಡಿ ಕಿವಿ ಮುಚ್ಚಿಸೀನಿ. ಗದಗಿನ ಮಂದಿ ಅರಳಿ ಇಟ್ಕೊಂಡs ಬಸ್ ಹತ್ಯಾರಂತ. ನಾಳೆ ಮಂಟಪದಾಗ ಎಲ್ಲಾರೂ ನಿನ್ನನ್ನs ಕೇಳ್ತಾರ. ಬೆಕ್ಕು ಅನ್ನಬ್ಯಾಡ. ಯಾರೋ ದೂರದ ಹಿರಿಯರು, ನಮ್ಮ ಗೋತ್ರದವರಲ್ಲ, ಹೆಸರು ನೆನಪಿಲ್ಲ ಅಂದುಬಿಡು. ಈ ವಯಸ್ಸಿನ್ಯಾಗ ನನ್ನ ಮಾನ ನಿನ್ನ ಕೈಯಾಗ ಅದ.”

ವೆಂಕೂಬಾಯಿ ಅವರ ಎಲೆಗೆ ಇನ್ನೊಂದು ಸೌಟು ಹಯಗ್ರೀವ ಹಾಕಿದಳು. ಮೇಲೆ ತುಪ್ಪ ಬಿಟ್ಟಳು. ತುಪ್ಪ ಸಣ್ಣ ಧಾರೆಯಾಗಿ, ನಡುಗದೆ ಇಳಿಯಿತು.

“ಇಲ್ರೀ ಮಾವನೋರ, ಹಂಗ ಅನ್ನೂದಿಲ್ಲ,” ಎಂದಳು. “ಕೇಳಿದವರಿಗೆಲ್ಲ ಬೆಕ್ಕು ಅಂತನs ಹೇಳ್ತೀನಿ. ಹೆಸರೂ ಹೇಳ್ತೀನಿ.”